ಹಳೆಯ ಸುರುಳಿ, ಹೊಸ ತಂತಿ: ಗಿಟಾರಿನ ಪಿಕಪ್ ಒಂದು ಚಾರಿತ್ರಿಕ ಆಧಾರವಾಗಿ

ಚರಿತ್ರೆಯ ಆಧಾರಗಳೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಶಿಲಾಶಾಸನ, ತಾಮ್ರಪಟ, ನಾಣ್ಯ, ಕಡತ, ಪ್ರವಾಸಿಗಳ ಬರವಣಿಗೆ ಇವು ನೆನಪಿಗೆ ಬರುವುದು ಸಹಜವಾಗಿದೆ. ಯಂತ್ರಯುಗದ ವಸ್ತುಗಳೂ ಇದೇ ಪಂಕ್ತಿಯಲ್ಲಿ ನಿಲ್ಲತಕ್ಕವು ಎಂಬುದನ್ನು ಎಲ್ಲರೂ ಒಪ್ಪುವರು. ಆದರೆ ಅಂತಹ ವಸ್ತುವೊಂದನ್ನು ಕೈಗೆತ್ತಿಕೊಂಡು, ಶಾಸನವನ್ನು ಓದುವಷ್ಟು ತಾಳ್ಮೆಯಿಂದ ಅದನ್ನು ಓದುವ ಅಭ್ಯಾಸ ನಮ್ಮ ತರಗತಿಗಳಲ್ಲಿ ಇನ್ನೂ ಬೆಳೆಯಬೇಕಾಗಿದೆ. ಪ್ರಕೃತ ಲೇಖನದಲ್ಲಿ ವಿದ್ಯುತ್ ಗಿಟಾರಿನ ಪಿಕಪ್ ಎಂಬ ಸಣ್ಣ ಉಪಕರಣವನ್ನು ಅಂತಹ ಓದಿಗೆ ಆರಿಸಿಕೊಳ್ಳಲಾಗಿದೆ. ಮೂಕವಾಗಿಹೋದ ಹಳೆಯ ಪಿಕಪ್ಪಿಗೆ ಹೊಸ ತಂತಿಯನ್ನು ಸುತ್ತಿ ಮತ್ತೆ ನುಡಿಯುವಂತೆ ಮಾಡಿದಾಗ ಉಳಿಯುವುದೇನು, ಅಳಿಯುವುದೇನು ಎಂಬುದೇ ಇಲ್ಲಿ ವಿಚಾರಿಸಬೇಕಾದ ಪ್ರಶ್ನೆ.

ಸುರುಳಿ ಸುತ್ತುವ ಕೆಲಸ ನಮಗೆ ಅಪರಿಚಿತವಾದುದಲ್ಲ. ಪಂಪಿನ ಮೋಟಾರು ಸುಟ್ಟುಹೋದಾಗ ರೈತನು ಅದನ್ನು ಪೇಟೆಯ ರಿವೈಂಡಿಂಗ್ ಅಂಗಡಿಗೆ ಒಯ್ಯುತ್ತಾನೆ. ಅಲ್ಲಿಯ ಕುಶಲಿಯು ಕರಕಾದ ತಂತಿಯನ್ನು ಕಿತ್ತು, ಅದರ ದಪ್ಪವನ್ನೂ ಸುತ್ತುಗಳ ಸಂಖ್ಯೆಯನ್ನೂ ನೋಡಿಕೊಂಡು, ಅಷ್ಟೇ ಸುತ್ತುಗಳ ಹೊಸ ತಂತಿಯನ್ನು ಕೂರಿಸುತ್ತಾನೆ. ಹಳೆಯ ತಾಮ್ರ ಗುಜರಿಗೆ ಹೋಗುತ್ತದೆ. ನೀರು ಮೇಲಕ್ಕೆ ಬಂದರೆ ಕೆಲಸ ಮುಗಿಯಿತು. ಹಳೆಯ ತಂತಿಯನ್ನು ಸುತ್ತಿದವರು ಯಾರೆಂದು ಯಾರೂ ಕೇಳುವುದಿಲ್ಲ. ಪಿಕಪ್ಪಿನ ವಿಷಯದಲ್ಲಾದರೋ ಈ ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ. ಏಕೆಂದರೆ ಅದನ್ನು ಮಾಡಿದ ಕೈಗಳ ವಿಷಯವಾಗಿ ಕಾಗದದ ದಾಖಲೆಗಳು ಹೇಳದಿರುವ ಎಷ್ಟೋ ಸಂಗತಿಗಳಿಗೆ ಆ ತಂತಿಯೇ ಆಧಾರವಾಗಿದೆ.

ಮೊದಲು ಪಿಕಪ್ಪಿನ ಸ್ವರೂಪವನ್ನು ತಿಳಿಯೋಣ. ಅಯಸ್ಕಾಂತದ ಸುತ್ತಲೂ ಅತಿ ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಬಾರಿ ಸುತ್ತಿ, ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಅದನ್ನು ಇರಿಸಿದರೆ ಪಿಕಪ್ ಆಯಿತು. ಮೀಟಿದ ತಂತಿ ಕಂಪಿಸುವಾಗ ಸುರುಳಿಯ ಮೂಲಕ ಹಾಯುವ ಕಾಂತಪ್ರವಾಹ ಏರಿಳಿಯುತ್ತದೆ; ಆ ಏರಿಳಿತದಿಂದ ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟುತ್ತದೆ; ಧ್ವನಿವರ್ಧಕವು ಅದನ್ನು ಹೆಚ್ಚಿಸಿ ನಾದವಾಗಿಸುತ್ತದೆ. ಇದು ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯ ತತ್ತ್ವವಲ್ಲದೆ ಬೇರೆಯಲ್ಲ. ಸುತ್ತುಗಳು ಹೆಚ್ಚಿದಷ್ಟೂ ಸದ್ದು ಹೆಚ್ಚುತ್ತದೆ, ಆದರೆ ಮೇಲಿನ ಸ್ವರಾಂಶಗಳು ಮಬ್ಬಾಗುತ್ತವೆ. ಸುರುಳಿಗೆ ತನ್ನದೇ ಆದ ಒಂದು ಅನುರಣನದ ನೆಲೆ ಇರುವುದೇ ಇದಕ್ಕೆ ಕಾರಣ. ಉದಾಹರಣೆಗೆ, 2.2 ಹೆನ್ರಿ ಪ್ರೇರಕತ್ವವುಳ್ಳ ಸುರುಳಿಗೆ 500 ಪಿಕೋಫ್ಯಾರಡ್ ಧಾರಕತ್ವದ ಕೇಬಲ್ಲನ್ನು ಸೇರಿಸಿದರೆ ಆ ನೆಲೆ ಸುಮಾರು 4,800 ಹರ್ಟ್ಸ್‌ನಲ್ಲಿ ಬೀಳುತ್ತದೆ. ಪ್ರೇರಕತ್ವವು ಇಮ್ಮಡಿಯಾದರೆ ಅದು ಸುಮಾರು 3,400ಕ್ಕೆ ಇಳಿಯುತ್ತದೆ. ಆದುದರಿಂದ ಎಷ್ಟು ಸುತ್ತು, ಯಾವ ತಂತಿ, ಯಾವ ಬಿಗಿ ಎಂಬ ಸಂಗತಿಗಳು ನಾದದ ಗುಣವನ್ನೇ ನಿರ್ಧರಿಸತಕ್ಕವು.

ಈ ಉಪಕರಣದ ಚರಿತ್ರೆ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ತೊಡಗುತ್ತದೆ. ಹವಾಯಿ ಶೈಲಿಯ ಗಿಟಾರ್ ನುಡಿಸುತ್ತಿದ್ದ ಜಾರ್ಜ್ ಬೋಶಾಂಪ್ ಎಂಬಾತನು ದೊಡ್ಡ ವಾದ್ಯವೃಂದಗಳ ನಡುವೆ ತನ್ನ ವಾದ್ಯದ ದನಿ ಅಡಗಿಹೋಗುವುದಕ್ಕೆ ಪರಿಹಾರವನ್ನು ಅರಸುತ್ತಿದ್ದನು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಯಂತ್ರಾಗಾರವನ್ನು ನಡೆಸುತ್ತಿದ್ದ ಅಡಾಲ್ಫ್ ರಿಕೆನ್‌ಬ್ಯಾಕರ್ ಆತನಿಗೆ ಜೊತೆಯಾದನು. 1931ರಲ್ಲಿ ಮರದ ಮಾದರಿಯೂ, 1932ರಲ್ಲಿ ಅಲ್ಯೂಮಿನಿಯಮ್ ಎರಕದ ವಾದ್ಯವೂ ಸಿದ್ಧವಾದವು. ಬಾಣಲೆಯನ್ನು ಹೋಲುತ್ತಿದ್ದುದರಿಂದ ಅದಕ್ಕೆ ‘ಫ್ರೈಯಿಂಗ್ ಪ್ಯಾನ್’ ಎಂಬ ಅಡ್ಡಹೆಸರು ಬಿದ್ದಿತು. ಕುದುರೆಲಾಳದ ಆಕಾರದ ಎರಡು ಕಾಂತಗಳು ತಂತಿಗಳ ಮೇಲೆ ಕಮಾನಿನಂತೆ ಬಾಗಿದ್ದವು; ಸುರುಳಿ ಕೆಳಗಿತ್ತು. ಬಟ್ಟೆ ಒಗೆಯುವ ಯಂತ್ರದ ಮೋಟಾರಿನಿಂದ ಬೋಶಾಂಪ್ ತನ್ನ ಸುರುಳಿಗಳನ್ನು ಸುತ್ತಿದನೆಂದು ಒಂದು ವೃತ್ತಾಂತ, ಹೊಲಿಗೆಯ ಯಂತ್ರದ ಮೋಟಾರಿನಿಂದ ಸುತ್ತಿದನೆಂದು ಇನ್ನೊಂದು. ಯಾವುದು ನಿಜವಾದರೂ ಈ ಕೆಲಸ ಮನೆಯ ಸಾಮಗ್ರಿಗಳಿಂದ ಪ್ರಾರಂಭವಾಯಿತೆಂಬುದನ್ನು ಎರಡೂ ಸೂಚಿಸುತ್ತವೆ. 1934ರಲ್ಲಿ ಸಲ್ಲಿಸಿದ ಅರ್ಜಿಗೆ ಪೇಟೆಂಟ್ ದೊರೆತದ್ದು 1937ರಲ್ಲಿ. ಅಷ್ಟರೊಳಗೆ ಇತರರು ಈ ಮಾರ್ಗವನ್ನು ಹಿಡಿದಿದ್ದರು; ಗಿಬ್ಸನ್ ಕಂಪನಿಯ ಇ.ಎಸ್.-150 ಗಿಟಾರ್ 1936ರಲ್ಲಿಯೇ ಹೊರಬಂದಿತ್ತು. ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣನು 1939ರಿಂದ ಬೆನ್ನಿ ಗುಡ್‌ಮನ್ನನ ತಂಡದಲ್ಲಿ ಅದನ್ನು ನುಡಿಸಿ, ಗಿಟಾರ್ ಕೇವಲ ತಾಳದ ಪಕ್ಕವಾದ್ಯವಲ್ಲವೆಂದು ತೋರಿಸಿಕೊಟ್ಟನು.

ಎರಡನೆಯ ಮಹಾಯುದ್ಧದ ತರುವಾಯ ಈ ಕೈಗಾರಿಕೆಯು ಎರಡು ಊರುಗಳಲ್ಲಿ ವಿಶೇಷವಾಗಿ ಬೆಳೆಯಿತು. ಕ್ಯಾಲಿಫೋರ್ನಿಯದ ಫುಲ್ಲರ್ಟನ್ನಿನಲ್ಲಿ ರೇಡಿಯೋ ದುರಸ್ತಿಯ ಅಂಗಡಿಯನ್ನಿಟ್ಟಿದ್ದ ಲಿಯೋ ಫೆಂಡರ್, 1950ರ ದಶಕದ ಮೊದಲಲ್ಲಿ ಟೆಲಿಕ್ಯಾಸ್ಟರನ್ನೂ 1954ರಲ್ಲಿ ಸ್ಟ್ರಾಟೊಕ್ಯಾಸ್ಟರನ್ನೂ ಹೊರತಂದನು. ಮಿಚಿಗನ್ನಿನ ಕಲಮಜೂ ಊರಿನ ಗಿಬ್ಸನ್ ಕಾರ್ಖಾನೆಯಲ್ಲಿ ಸೆತ್ ಲವರ್ ಎಂಬ ತಂತ್ರಜ್ಞನು, ವಿದ್ಯುತ್ ಸರಬರಾಜಿನಿಂದ ಬರುವ ಗುಂಯ್‌ಗುಟ್ಟುವಿಕೆಯನ್ನು ಅಡಗಿಸುವ ಜೋಡಿಸುರುಳಿಯ ಪಿಕಪ್ಪನ್ನು ರಚಿಸಿ 1955ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿ, ಅವುಗಳ ಕಾಂತಧ್ರುವಗಳನ್ನೂ ವಿರುದ್ಧವಾಗಿಟ್ಟರೆ ಹೊರಗಿನ ಗದ್ದಲ ಒಂದನ್ನೊಂದು ಕಳೆದುಕೊಳ್ಳುತ್ತದೆ, ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ‘ಹಂಬಕರ್’ ಎಂದು ಹೆಸರಾದದ್ದು ಇದೇ. ಇಂದು ಕುಶಲಿಗಳ ಮುಂದೆ ಜೀರ್ಣೋದ್ಧಾರಕ್ಕೆಂದು ಬರುವ ಹಳೆಯ ಪಿಕಪ್ಪುಗಳಲ್ಲಿ ಅತ್ಯಂತ ಬೆಲೆಯುಳ್ಳವು ಈ ಎರಡು ಕಾರ್ಖಾನೆಗಳವೇ.

ಈಗ ಆಧಾರದ ಪರಿಶೀಲನೆಗೆ ಬರೋಣ. ಹಳೆಯ ಪಿಕಪ್ಪಿನಲ್ಲಿ ಕಾಲವನ್ನು ಸೂಚಿಸುವ ಲಕ್ಷಣಗಳು ಹಲವಿವೆ. ಮೊದಲನೆಯದು ಕಾಂತ. ಜಪಾನಿನ ಟೊಕುಶಿಚಿ ಮಿಶಿಮ 1931ರಲ್ಲಿ ಕಬ್ಬಿಣ, ನಿಕ್ಕಲ್, ಅಲ್ಯೂಮಿನಿಯಮ್‌ಗಳ ಮಿಶ್ರಣದಿಂದ ಪ್ರಬಲವಾದ ಕಾಂತದ ಲೋಹವನ್ನು ಸಿದ್ಧಪಡಿಸಿದನು; ಇದರಿಂದ ಬೆಳೆದ ಆಲ್ನಿಕೋ ಬಂದ ಮೇಲೆ, ಮೊದಲಿನ ಭಾರಿ ಉಕ್ಕಿನ ಕಾಂತಗಳ ಸ್ಥಾನದಲ್ಲಿ ಬೆರಳುದ್ದವೂ ಇಲ್ಲದ ಸಲಾಕೆಗಳು ಸಾಕಾದವು. ಎರಡನೆಯದು ತಂತಿಯ ಹೊದಿಕೆ. ಹಳೆಯ ಎನಾಮಲ್ ಲೇಪದ ತಂತಿ ಕಡುಗಂದು ಬಣ್ಣದ್ದು. ಫಾರ್ಮ್‌ವಾರ್ ಎಂಬ ಕೃತಕ ಲೇಪದ ತಂತಿ ತಿಳಿಯಾದ ಹೊಂಬಣ್ಣದ್ದು. ಸ್ಟ್ರಾಟೊಕ್ಯಾಸ್ಟರಿನ ಪಿಕಪ್ಪುಗಳಲ್ಲಿ ಸುಮಾರು 1964ರವರೆಗೆ ಎರಡನೆಯದೂ, ಅನಂತರ ಮೊದಲನೆಯದೂ ಕಾಣಬರುವುದರಿಂದ, ಬಣ್ಣವೇ ಒಂದು ಕಾಲನಿರ್ದೇಶಕ್ಕೆ ನೆರವಾಗುತ್ತದೆ. ಮೂರನೆಯದು ಸುತ್ತಿನ ಕ್ರಮ. ನಾವು ವಿಶೇಷವಾಗಿ ಗಮನಿಸಬೇಕಾದುದು ಇದನ್ನೇ.

ಆ ಕಾಲದ ಫುಲ್ಲರ್ಟನ್ ಕಾರ್ಖಾನೆಯಲ್ಲಿ ಯಂತ್ರವು ಬಾಬಿನ್ನನ್ನು ತಿರುಗಿಸುತ್ತಿತ್ತೇ ಹೊರತು, ತಂತಿಯನ್ನು ಅತ್ತಿತ್ತ ನಡೆಸುತ್ತಿದ್ದುದು ಕೆಲಸಗಾರ್ತಿಯ ಬೆರಳು. ತಲೆಗೂದಲಿಗಿಂತ ದಪ್ಪವಿಲ್ಲದ, 0.0635 ಮಿಲಿಮೀಟರ್ ವ್ಯಾಸದ ತಂತಿಯನ್ನು ಹರಿಯದಂತೆ, ಸಡಿಲವಾಗದಂತೆ ಹಿಡಿದು ಸುಮಾರು 8,000 ಸುತ್ತುಗಳನ್ನು ಸುತ್ತಬೇಕಾಗಿತ್ತು. ಯಂತ್ರವೇ ನಡೆಸಿದ ತಂತಿ ಒತ್ತಾಗಿ, ಸಾಲುಸಾಲಾಗಿ ಕೂರುತ್ತದೆ. ಕೈ ನಡೆಸಿದ ತಂತಿ ಅಡ್ಡಾದಿಡ್ಡಿಯಾಗಿ ಹರಡಿ ನಡುವೆ ಸೂಕ್ಷ್ಮವಾದ ಎಡೆಗಳನ್ನು ಬಿಡುತ್ತದೆ. ಇದರಿಂದ ಸುರುಳಿಯ ಒಳಧಾರಕತ್ವ ಕಡಮೆಯಾಗುತ್ತದೆ. ಒಬ್ಬೊಬ್ಬರ ಹಿಡಿತ ಒಂದೊಂದು ಬಗೆ. ಆದಕಾರಣ ಒಂದೇ ವಾರದಲ್ಲಿ ತಯಾರಾದ ಎರಡು ಪಿಕಪ್ಪುಗಳೂ ಸಂಪೂರ್ಣವಾಗಿ ಸಮನಲ್ಲ.

ಈ ಕೆಲಸವನ್ನು ಮಾಡಿದವರಲ್ಲಿ ಹೆಚ್ಚಿನವರು ಸ್ತ್ರೀಯರು. ಮೆಕ್ಸಿಕೋ ಮೂಲದ ಕುಟುಂಬಗಳಿಂದ ಬಂದವರು ಅವರಲ್ಲಿ ಅನೇಕರು. ಅಬಿಗೇಲ್ ಇಬಾರಾ 1956ರಲ್ಲಿ ಆ ಕಾರ್ಖಾನೆಯನ್ನು ಸೇರಿ, ಮುಂದೆ ಪಿಕಪ್ ಸುತ್ತುವ ಕಲೆಯಲ್ಲಿ ಪ್ರಸಿದ್ಧಳಾಗಿ 2013ರಲ್ಲಿ ನಿವೃತ್ತಳಾದಳು. ಆಕೆಗೆ ದೊರೆತ ಕೀರ್ತಿ ಅಪವಾದವೇ ಸರಿ. ಉಳಿದವರ ಕುರುಹು ಬಹಳ ಕಡಮೆ. 1950ರ ದಶಕದ ಗಿಟಾರುಗಳನ್ನು ಬಿಚ್ಚಿದಾಗ ಒಳಗೆ ಅಂಟಿಸಿದ ಕಾಗದಪಟ್ಟಿಯ ಮೇಲೆ ‘ಮೇರಿ’, ‘ಗ್ಲೋರಿಯಾ’ ಎಂಬ ಹೆಸರುಗಳು ತಾರೀಖಿನೊಡನೆ ಕಾಣಿಸುವುದುಂಟು. 1960ರ ದಶಕದ ಮಧ್ಯದ ಪಿಕಪ್ಪುಗಳ ತಳದಲ್ಲಿ ತಾರೀಖೂ ಹೆಸರಿನ ಮೊದಲಕ್ಷರಗಳೂ ಇರುವುದುಂಟು. ಪೇಟೆಂಟಿನ ಕಡತಗಳಲ್ಲಿ ಕಾಣುವುದು ಬೋಶಾಂಪ್, ಫೆಂಡರ್, ಲವರ್ ಇವರ ಹೆಸರು. ಸುತ್ತಿದವಳ ಹೆಸರು ದೊರೆತರೆ ಈ ಪಟ್ಟಿಗಳಲ್ಲಿ ದೊರೆಯಬೇಕು. ಆಕೆಯ ಕೆಲಸವಾದರೋ ಸುರುಳಿಯ ಪ್ರತಿಯೊಂದು ಸುತ್ತಿನಲ್ಲಿಯೂ ಇದೆ.

ಬರಹವಿದ್ದ ಮಾತ್ರಕ್ಕೆ ಅದನ್ನು ನಂಬಬೇಕೆಂದಲ್ಲ. ಇದಕ್ಕೆ ಗಿಬ್ಸನ್ ಹಂಬಕರಿನ ಚೀಟಿಯೇ ಒಳ್ಳೆಯ ನಿದರ್ಶನ. 1957ರಿಂದ ಈ ಪಿಕಪ್ಪುಗಳ ತಳಕ್ಕೆ ‘ಪೇಟೆಂಟಿಗೆ ಅರ್ಜಿ ಸಲ್ಲಿಸಲಾಗಿದೆ’ ಎಂಬರ್ಥದ ಇಂಗ್ಲಿಷ್ ಚೀಟಿಯನ್ನು ಅಂಟಿಸುತ್ತಿದ್ದರು; ಅದರ ಮೊದಲಕ್ಷರಗಳಿಂದ ಈ ಪಿಕಪ್ಪಿಗೆ ‘ಪಿ.ಎ.ಎಫ್.’ ಎಂಬ ಹೆಸರು ರೂಢಿಗೆ ಬಂದಿತು. ಲವರನಿಗೆ 1959ರ ಜುಲೈಯಲ್ಲಿ 2,896,491ನೆಯ ಪೇಟೆಂಟ್ ದೊರೆತರೂ ಹಳೆಯ ಚೀಟಿ ಸುಮಾರು 1962ರವರೆಗೆ ಮುಂದುವರಿಯಿತು. ಆಮೇಲೆ ಬಂದ ಚೀಟಿಯಲ್ಲಾದರೂ ಸರಿಯಾದ ಸಂಖ್ಯೆಯಿತ್ತೇ? ಅದೂ ಇಲ್ಲ. ಅದರ ಮೇಲಿನ 2,737,842 ಎಂಬ ಸಂಖ್ಯೆ ಲೆಸ್ ಪಾಲ್ ಪಡೆದಿದ್ದ, ಗಿಟಾರಿನ ತಂತಿಗಳನ್ನು ಕಟ್ಟುವ ಲೋಹದ ಭಾಗದ ಪೇಟೆಂಟಿನದು. ಆದ್ದರಿಂದ ಚೀಟಿಯೊಂದನ್ನೇ ನಂಬಿದವನು ಪಿಕಪ್ಪಿನ ಕಾಲವನ್ನೂ ಅದರ ಹುಟ್ಟನ್ನೂ ತಪ್ಪಾಗಿ ತಿಳಿಯುವನು. ಶಾಸನದ ಒಕ್ಕಣೆಯನ್ನು ಅದರ ಲಿಪಿ, ಶಿಲೆಗಳೊಂದಿಗೆ ಹೋಲಿಸಿ ನೋಡುವಂತೆ ಇಲ್ಲಿಯೂ ಬರಹವನ್ನು ವಸ್ತುವಿನೊಂದಿಗೆ ಹೋಲಿಸಬೇಕು. ಕಲಮಜೂವಿನಲ್ಲಿಯೂ ಸುತ್ತಿನ ಎಣಿಕೆ ಕಟ್ಟುನಿಟ್ಟಾಗಿರಲಿಲ್ಲ. ಸುರುಳಿಗೆ ಸುಮಾರು 5,000 ಸುತ್ತು ಎಂದಿದ್ದರೂ, ಉಳಿದುಬಂದಿರುವ ಪಿಕಪ್ಪುಗಳ ರೋಧ ಸುಮಾರು 7,000ದಿಂದ 9,000 ಓಮ್‌ಗಳವರೆಗೆ ಹರಡಿದೆ.

ಇಂತಹ ಆಧಾರ ನಾಶವಾಗುವ ಬಗೆಯನ್ನು ಈಗ ನೋಡಬೇಕು. ಫೆಂಡರ್ ಪಿಕಪ್ಪಿನಲ್ಲಿ ತಂತಿಯನ್ನು ಕಾಂತಗಳ ಮೈಮೇಲೆಯೇ ಸುತ್ತಿರುವುದರಿಂದ, ಬೆವರಿನಿಂದಲೂ ತೇವದಿಂದಲೂ ಕಾಂತಕ್ಕೆ ಹಿಡಿದ ತುಕ್ಕು ಒಳಗಿನ ಸುತ್ತುಗಳ ಲೇಪವನ್ನು ತಿಂದು ತಾಮ್ರವನ್ನು ಮುಟ್ಟುತ್ತದೆ. ತಾಮ್ರ ಹಸುರುಗಟ್ಟಿ ಒಂದೆಡೆ ತುಂಡಾಗುತ್ತದೆ. ಮೇಲೆದ್ದ ಕಾಂತವನ್ನು ಒತ್ತಿ ಸರಿಪಡಿಸಲು ಹೋಗಿ ಒಳಸುತ್ತನ್ನು ಹರಿದುಕೊಳ್ಳುವುದೂ ಉಂಟು. ಒಂದು ಕಿಲೋಮೀಟರಿಗೂ ಮಿಕ್ಕ ತಂತಿಯಲ್ಲಿ ಕೂದಲೆಳೆಯಷ್ಟು ಜಾಗದಲ್ಲಿ ಕಡಿದರೂ ಪಿಕಪ್ ಮೂಕವಾಗುತ್ತದೆ.

ಮೂಕವಾದೊಡನೆ ಹಳೆಯ ಸುರುಳಿಯನ್ನು ಕತ್ತರಿಸಿ ಎಸೆಯುವುದು ಸುಲಭವಾದ ಮಾರ್ಗ. ವಿವೇಕಿಯಾದ ಕುಶಲಿಯು ಹಾಗೆ ಮಾಡುವುದಿಲ್ಲ. ತಂತಿ ಕಡಿದಿರುವುದು ಅನೇಕ ವೇಳೆ ಬೆಸುಗೆಯ ಕಣ್ಣಿನ ಬಳಿಯಲ್ಲಿ ಅಥವಾ ಹೊರಗಿನ ಕೆಲವು ಸುತ್ತುಗಳಲ್ಲಿ. ಭೂತಗಾಜಿನ ಕೆಳಗೆ ಆ ತುದಿಯನ್ನು ಹುಡುಕಿ, ಲೇಪವನ್ನು ಮೆಲ್ಲನೆ ಕೆರೆದು, ಹೊಸ ಎಳೆಯೊಂದನ್ನು ಬೆಸೆದರೆ ಮೂಲ ಸುರುಳಿಯೇ ಮತ್ತೆ ನುಡಿಯುತ್ತದೆ. ಹತ್ತಾರು ಸುತ್ತುಗಳನ್ನು ಬಿಚ್ಚಬೇಕಾಗಿ ಬಂದರೂ ಎಂಟು ಸಾವಿರದಲ್ಲಿ ಅದು ಲೆಕ್ಕಕ್ಕೆ ಬಾರದು.

ಕಡಿತವು ಒಳಗಿದ್ದು ಬೇರೆ ದಾರಿಯಿಲ್ಲವೆಂದು ನಿಶ್ಚಯವಾದ ಮೇಲೆ ಸುರುಳಿಯನ್ನು ತೆಗೆಯಬೇಕಾಗುತ್ತದೆ. ತೆಗೆಯುವ ಮೊದಲು ದಾಖಲೆಯ ಕೆಲಸ ನಡೆಯಬೇಕು. ಎಲ್ಲ ಮಗ್ಗುಲುಗಳ ಛಾಯಾಚಿತ್ರ, ಸುರುಳಿಯ ಅಗಲ ಮತ್ತು ಎತ್ತರ, ಸುತ್ತಿದ ದಿಕ್ಕು, ಕಾಂತದ ಧ್ರುವ, ತಂತಿಯ ವ್ಯಾಸ ಮತ್ತು ಬಣ್ಣ, ತಳದ ಬರಹ ಇವೆಲ್ಲವನ್ನೂ ಗುರುತಿಸಿಡಬೇಕು. ಸುತ್ತಿನ ದಿಕ್ಕನ್ನಾಗಲಿ ಧ್ರುವವನ್ನಾಗಲಿ ತಪ್ಪಿದರೆ, ಎರಡು ಪಿಕಪ್ಪುಗಳನ್ನು ಒಟ್ಟಿಗೆ ನುಡಿಸಿದಾಗ ಒಂದರ ನಾದ ಇನ್ನೊಂದನ್ನು ತಿನ್ನುತ್ತದೆ. ಜೋಡಿಯಲ್ಲಿ ಇನ್ನೂ ನುಡಿಯುತ್ತಿರುವ ಪಿಕಪ್ ಇದ್ದರೆ ಅದರ ರೋಧವನ್ನು ಅಳೆದು, ಆಗಿನ ಉಷ್ಣತೆಯನ್ನೂ ಬರೆದಿಡಬೇಕು. ಏಕೆಂದರೆ ತಾಮ್ರದ ರೋಧ ಪ್ರತಿ ಸೆಲ್ಸಿಯಸ್ ಡಿಗ್ರಿಗೆ ಶೇಕಡ 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 6,000 ಓಮ್ ತೋರಿಸಿದ ಸುರುಳಿ 30 ಡಿಗ್ರಿಯಲ್ಲಿ ಸುಮಾರು 6,230 ತೋರಿಸುತ್ತದೆ. ಉಷ್ಣತೆಯಿಲ್ಲದ ಅಳತೆ ತಾರೀಖಿಲ್ಲದ ಪತ್ರದಂತೆ. ತುಂಡಾದ ಸುರುಳಿಯ ರೋಧವನ್ನು ಅಳೆಯಲಾಗದಿದ್ದರೂ ಅದನ್ನು ತೂಗಬಹುದು. ಈ ದಪ್ಪದ ತಾಮ್ರ ಮೀಟರಿಗೆ ಸುಮಾರು 0.028 ಗ್ರಾಂ ತೂಗುವುದರಿಂದ, ಲೇಪದ ಅಲ್ಪ ಭಾರವನ್ನು ಕಳೆದು ಸುಮಾರು 31 ಗ್ರಾಂ ಬಂದರೆ ತಂತಿಯ ಉದ್ದ ಸುಮಾರು 1,100 ಮೀಟರ್ ಎಂದಾಗುತ್ತದೆ. ಅದನ್ನು ಒಂದು ಸುತ್ತಿನ ಸರಾಸರಿ ಉದ್ದದಿಂದ ಭಾಗಿಸಿದರೆ ಸುತ್ತುಗಳ ಸಂಖ್ಯೆ ಹೊರಬೀಳುತ್ತದೆ. ಗುಜರಿಗೆ ಹೋಗಬೇಕಾಗಿದ್ದ ತಾಮ್ರವು ಹೀಗೆ ಸಾಕ್ಷ್ಯ ನುಡಿಯುತ್ತದೆ.

ಹೊಸ ತಂತಿಯನ್ನು ಸುತ್ತುವಾಗಲೂ ಅದೇ ದಪ್ಪ, ಅದೇ ಬಗೆಯ ಲೇಪ, ಅಷ್ಟೇ ಸುತ್ತು, ಸಾಧ್ಯವಾದಷ್ಟು ಅದೇ ಬಿಗಿ ಇರಬೇಕು. ಅನಂತರ ಮೇಣದ ಪ್ರಶ್ನೆ. ಸಡಿಲವಾದ ಸುತ್ತುಗಳು ತಾವೇ ಅದುರಿ ಕೀಚಲು ದನಿಯನ್ನು ಹುಟ್ಟಿಸದಂತೆ, ಪ್ಯಾರಫಿನ್ನಿಗೆ ಸ್ವಲ್ಪ ಜೇನುಮೇಣವನ್ನು ಬೆರೆಸಿ ಹದವಾಗಿ ಕಾಯಿಸಿದ ದ್ರವದಲ್ಲಿ ಸುರುಳಿಯನ್ನು ಅದ್ದುವುದುಂಟು. ಕಾವು ಹೆಚ್ಚಾದರೆ ಹಳೆಯ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುತ್ತದೆ. ಆದರೆ ಪಿ.ಎ.ಎಫ್. ಪಿಕಪ್ಪುಗಳನ್ನು ಮೂಲದಲ್ಲಿ ಮೇಣಕ್ಕೆ ಅದ್ದುತ್ತಿರಲಿಲ್ಲ. ಅವಕ್ಕೆ ಮೇಣ ತುಂಬುವುದು ಉಪಯುಕ್ತವಾಗಿರಬಹುದಾದರೂ ಅದು ಸುಧಾರಣೆಯೇ ಹೊರತು ಪುನಃಸ್ಥಾಪನೆಯಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ವಾದ್ಯವಿರುವುದು ನುಡಿಸುವುದಕ್ಕೆ, ಮೂಕವಾದ ಪಿಕಪ್ಪನ್ನು ಪೂಜಿಸುತ್ತ ಕೂರುವುದರಿಂದ ಪ್ರಯೋಜನವೇನು? ಈ ಮಾತಿನಲ್ಲಿ ಸತ್ಯವುಂಟು. 1970ರ ದಶಕದ ಮೊದಲಲ್ಲಿ ಸೆಮೂರ್ ಡಂಕನ್ ಎಂಬ ಅಮೆರಿಕನ್ ತರುಣನು ಲಂಡನ್ನಿನಲ್ಲಿದ್ದಾಗ, ಕೆಟ್ಟುಹೋಗಿದ್ದ ಗಿಬ್ಸನ್ ಪಿಕಪ್ಪುಗಳೆರಡಕ್ಕೆ ಮರುಸುತ್ತು ಹಾಕಿ, ಟೆಲಿಕ್ಯಾಸ್ಟರ್ ಗಿಟಾರಿಗೆ ಕೂರಿಸಿ ಜೆಫ್ ಬೆಕ್ಕನಿಗೆ ಕೊಟ್ಟನು. ಬೆಕ್ಕನ 1975ರ ‘ಬ್ಲೋ ಬೈ ಬ್ಲೋ’ ಧ್ವನಿಮುದ್ರಿಕೆಯಲ್ಲಿ ಆ ಗಿಟಾರಿನ ನಾದವಿದೆ. ಇಂದು ಯಾರಾದರೂ ‘ಮೂಲಕ್ಕೆ ಒಯ್ಯುತ್ತೇನೆ’ ಎಂದು ಡಂಕನ್ ಸುತ್ತಿದ ತಂತಿಯನ್ನು ಕಿತ್ತರೆ ಅದು ಉದ್ಧಾರವೋ ಧ್ವಂಸವೋ? ಮರುಸುತ್ತೂ ಚರಿತ್ರೆಯ ಒಂದು ಪದರವೇ ಆಗಬಲ್ಲುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ನಮ್ಮ ದೇವಾಲಯಗಳ ಜೀರ್ಣೋದ್ಧಾರವನ್ನು ಬಲ್ಲವರಿಗೆ ಈ ತೊಡಕು ಹೊಸದಲ್ಲ.

1964ರಲ್ಲಿ ವೆನಿಸ್ ನಗರದಲ್ಲಿ ಸೇರಿದ ಸ್ಮಾರಕತಜ್ಞರು ಅಂಗೀಕರಿಸಿದ ಸನ್ನದು ಇಂತಹ ತೊಡಕುಗಳಿಗೆ ಕೆಲವು ತತ್ತ್ವಗಳನ್ನು ಒದಗಿಸಿದೆ. ಊಹೆಯು ತೊಡಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು. ಹೊಸದಾಗಿ ಸೇರಿಸಿದುದು ಹೊಸದೆಂದು ತಿಳಿಯುವಂತಿರಬೇಕು. ಎಲ್ಲ ಕಾಲಗಳ ಕೊಡುಗೆಗೂ ಮನ್ನಣೆ ಸಲ್ಲಬೇಕು. ಮಾಡಿದ ಕೆಲಸಕ್ಕೆಲ್ಲ ದಾಖಲೆಯಿರಬೇಕು ಎಂಬುದು ಅದರ ಸಾರ. ಕಟ್ಟಡಗಳಿಗೆಂದು ಹೇಳಿದ ಈ ಮಾತುಗಳು ಅಂಗೈಯಲ್ಲಿ ಅಡಗುವ ಪಿಕಪ್ಪಿಗೂ ಸಲ್ಲುತ್ತವೆ. ಅಡಚಣೆ ಬರುವುದು ಮಾರುಕಟ್ಟೆಯಿಂದ. ಮೂಲ ಪಿ.ಎ.ಎಫ್. ಜೋಡಿಯೊಂದಕ್ಕೆ ಸಾವಿರಾರು ಡಾಲರ್ ಬೆಲೆಯಿರುವುದರಿಂದ, ಮರುಸುತ್ತನ್ನು ಮುಚ್ಚಿಡುವ ಆಸೆಯೂ ಖೋಟಾ ಚೀಟಿಗಳನ್ನು ಅಂಟಿಸುವ ದಂಧೆಯೂ ಹುಟ್ಟಿಕೊಂಡಿವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು 2019ರಲ್ಲಿ ರಾಕ್ ಸಂಗೀತದ ವಾದ್ಯಗಳ ಪ್ರದರ್ಶನವನ್ನೇ ಏರ್ಪಡಿಸಿದುದನ್ನು ನೆನೆದರೆ, ಇಂದಿನ ಕುಶಲಿಯು ಮುಚ್ಚಿಟ್ಟದ್ದು ನಾಳೆಯ ಸಂಶೋಧಕನನ್ನು ಹೇಗೆ ದಾರಿ ತಪ್ಪಿಸಬಹುದೆಂಬುದು ಅರಿವಾಗುತ್ತದೆ.

ಮೇಲಿನ ವಿಚಾರಗಳಿಂದ ಹೀಗೆ ನಿರ್ಣಯಿಸಬಹುದು. ಕಡಿದ ಎಳೆಯನ್ನು ಬೆಸೆಯಲು ಸಾಧ್ಯವಿರುವವರೆಗೆ ಮರುಸುತ್ತು ಸಲ್ಲದು. ಅನಿವಾರ್ಯವಾದಲ್ಲಿ ಅದು ತಪ್ಪಲ್ಲ. ಆದರೆ ತೆಗೆದ ತಂತಿಯನ್ನು ಪೊಟ್ಟಣದಲ್ಲಿ ಕಟ್ಟಿ ವಾದ್ಯದೊಂದಿಗೇ ಇರಿಸಬೇಕು, ಅಳತೆಗಳ ಚೀಟಿಯನ್ನು ಅದಕ್ಕೆ ಸೇರಿಸಬೇಕು, ಹೊಸ ಸುರುಳಿಯ ತಳದಲ್ಲಿ ಸುತ್ತಿದವರ ಹೆಸರೂ ತಾರೀಖೂ ಇರಬೇಕು. ನಾದವನ್ನು ಹಿಂದಕ್ಕೆ ಪಡೆಯುವುದಕ್ಕೆ ಇದರಿಂದ ಯಾವ ಅಡ್ಡಿಯೂ ಇಲ್ಲ. ಮೊದಲು ಸುತ್ತಿದವಳ ಹೆಸರನ್ನು ಬರೆದಿಡಲು ಆ ಕಾಲದಲ್ಲಿ ಯಾರಿಗೂ ಅಗತ್ಯವೆನಿಸಲಿಲ್ಲ. ಆಕೆಯ ಕೈಯ ಗುರುತು ಸುಮಾರು ಮೂವತ್ತು ಗ್ರಾಂ ತಾಮ್ರದಲ್ಲಿ ಉಳಿದುಬಂದಿದೆ. ಅದನ್ನು ಗುಜರಿಗೆ ಹಾಕದಿರುವುದು ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಕುಶಲಿಗಳಲ್ಲಿ ಮಾಡಿಕೊಳ್ಳಬಹುದಾದ ಬಿನ್ನಹ.